ಸೋಗಾನೆ ನಿಲ್ದಾಣಕ್ಕೆ ಕಾರ್ಗೋ: ವಿಸ್ತರಣೆ ಅಂದರೆ ನಿಜಕ್ಕೂ ಏನೇನು ಬೇಕು?

ಕೆರೆಏರಿ (ಪ್ರಶ್ನೆ)

ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದಿಂದ ಸರಕು ಸಾಗಣೆ ಆಗಬೇಕು, ಅದಕ್ಕಾಗಿ ನಿಲ್ದಾಣ ವಿಸ್ತರಿಸಬೇಕು ಎಂಬ ವಾದ ಶಿವಮೊಗ್ಗ, ಭದ್ರಾವತಿ ಕಡೆ ಕೇಳಿಬರುತ್ತಿದೆ. ಪರವಾಗಿರುವವರ ಮಾತು ಹೀಗೆ: 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಹೊಸ ನಿಲ್ದಾಣ, 3.2 ಕಿ.ಮೀ. ರನ್‌ವೇ, ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇದೇ ಉದ್ದ. ಸುತ್ತ ಅಡಿಕೆ, ಶುಂಠಿ, ಅನಾನಸ್, ಮೆಣಸು, ಆಂಥೂರಿಯಂ ಇದೆ. ಮಾಚೇನಹಳ್ಳಿಯಲ್ಲಿ ಫೌಂಡ್ರಿ, ಗಾರ್ಮೆಂಟ್ಸ್ ಇದೆ. ಇನ್ನೇಕೆ ತಡ? ವಿರೋಧ ಇರುವವರ ಆತಂಕ ಬೇರೆ. ಮತ್ತೆ ಜಮೀನು ಹೋಗುತ್ತದೆ, ಸರಕು ವಿಮಾನ ನಡುರಾತ್ರಿ ಇಳಿಯುತ್ತದೆ, ಕಾಂಕ್ರೀಟಿನ ಮೇಲೆ ಬಿದ್ದ ಮಳೆಯೆಲ್ಲ ಕೆಳಗಿನ ಗದ್ದೆಗೆ ನುಗ್ಗುತ್ತದೆ.

ಎರಡೂ ಕಡೆಯವರು ಗಟ್ಟಿಯಾಗಿ ಮಾತಾಡುತ್ತಿದ್ದಾರೆ, ಲೆಕ್ಕ ಮಾತ್ರ ಯಾರೂ ಮುಂದಿಡುತ್ತಿಲ್ಲ. ಕೆಲಸ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ. ಇಲ್ಲಿಂದ ಯಾವ ಮಾಲು ವಿಮಾನ ಹತ್ತಬಲ್ಲದು? ರನ್‌ವೇ ಸಾಕಾದರೆ ಕೊರತೆ ಇರುವುದು ಯಾವುದರದ್ದು? ಬೇಲಿಯಿಂದಾಚೆ ಜಮೀನು ಬೇಕೇ ಬೇಕಾ? ಊರಿನವರು ಪ್ರಶ್ನೆ ಕೇಳಬೇಕೆಂದರೆ ಎಲ್ಲಿ, ಯಾವ ಹಂತದಲ್ಲಿ ಕೇಳಬೇಕು?

ಲೋಡ್‌ಶೀಟ್

ಮೊದಲು ಈಗಿರುವ ವಿಮಾನದ ಹೊಟ್ಟೆಯಲ್ಲಿ ಎಷ್ಟು ಜಾಗ ಇದೆ ನೋಡೋಣ. ಎಟಿಆರ್ 72-600 ಎಂಬ ಸಣ್ಣ ಪ್ರಯಾಣಿಕ ವಿಮಾನ ಒಟ್ಟು ಸುಮಾರು 7.5 ಟನ್ ಭಾರ ಹೊರುತ್ತದೆ, ಪ್ರಯಾಣಿಕರು ಮತ್ತು ಲಗೇಜು ಸೇರಿ. 78 ಸೀಟು ತುಂಬಿತು ಅನ್ನಿ. ತಲೆಗೆ 75 ಕೆ.ಜಿ., ಲಗೇಜಿಗೆ 15 ಕೆ.ಜಿ. ಹಿಡಿದರೆ 7,020 ಕೆ.ಜಿ. ಅಲ್ಲಿಗೇ ಮುಗಿಯಿತು. ಸರಕಿಗೆ ಉಳಿಯುವುದು 500 ಕೆ.ಜಿ. ಆಸುಪಾಸು. ಮಳೆಗಾಲದಲ್ಲಿ ಅದೂ ಉಳಿಯುವುದಿಲ್ಲ. ಇಳಿಯಲಾಗದೆ ಬೇರೆ ನಿಲ್ದಾಣಕ್ಕೆ ಹೋಗಬೇಕಾದೀತು ಎಂದು ಹೆಚ್ಚುವರಿ ಇಂಧನ ತುಂಬುತ್ತಾರೆ, ಆ ಭಾರಕ್ಕೆ ಮೊದಲು ಕೆಳಗಿಳಿಯುವುದೇ ಸರಕು. ಎಂಬ್ರೇರ್ 175 ಬಂದರೆ ಪರಿಸ್ಥಿತಿ ವಾಸಿ, ಅದು ಸುಮಾರು 10 ಟನ್ ಹೊರುತ್ತದೆ. ಆದರೂ ಅದು ಪ್ರಯಾಣಿಕರ ವೇಳಾಪಟ್ಟಿಯ ವಿಮಾನ. ಮಾಲಿನ ಅನುಕೂಲಕ್ಕೆ ಕಾಯುವುದಿಲ್ಲ.

ಸರಕಿನದೇ ವಿಮಾನ ಅಂದರೆ ನಮ್ಮ ಮಟ್ಟಕ್ಕೆ ಎರಡು ಆಯ್ಕೆ. ಎಟಿಆರ್ 72-600ರ ಸರಕು ಮಾದರಿ ಸುಮಾರು 9 ಟನ್ ಒಯ್ಯುತ್ತದೆ. ಬೋಯಿಂಗ್ 737-800ರ ಸರಕು ಮಾದರಿ 23 ಟನ್ ಹತ್ತಿರ. ಎರಡಕ್ಕೂ ಈ ರನ್‌ವೇ ಧಾರಾಳ, ಎಟಿಆರ್‌ಗಂತೂ ಇದರ ಅರ್ಧ ಸಾಕು. ಹಾಗಾಗಿ 'ಕಾರ್ಗೋಗಾಗಿ ರನ್‌ವೇ ಉದ್ದ ಮಾಡಬೇಕು' ಎಂದು ಯಾರಾದರೂ ಹೇಳಿದರೆ, ಯಾವ ವಿಮಾನಕ್ಕೆ, ಎಷ್ಟು ಭಾರಕ್ಕೆ, ಎಷ್ಟು ದೂರಕ್ಕೆ ಎಂದು ಮೂರೂ ಕೇಳಿ.

ಕಷ್ಟ ಇರುವುದು ವಾಪಸ್ ಲೋಡಿನಲ್ಲಿ. ದೇಶದೊಳಗಿನ ಸರಕು ವಿಮಾನಗಳು ಮುಖ್ಯವಾಗಿ ಓಡುವುದು ಕೊರಿಯರ್ ಮತ್ತು ಆನ್‌ಲೈನ್ ಪಾರ್ಸೆಲ್ ನಂಬಿ. ಅದು ಶಿವಮೊಗ್ಗಕ್ಕೆ ಬರುವ ಮಾಲು. ಇಲ್ಲಿಂದ ಹೋಗುವ ಮಾಲು ಅಷ್ಟೇ ತೂಕದಲ್ಲಿ, ಅಷ್ಟೇ ನಿಯಮಿತವಾಗಿ ಇರದಿದ್ದರೆ ಒಂದು ಕಡೆಯ ಬಾಡಿಗೆಯಲ್ಲಿ ಎರಡೂ ಕಡೆಯ ಇಂಧನ ಸುಡಬೇಕು. ವಾರದಲ್ಲಿ ಎರಡು ದಿನ 9 ಟನ್ ತುಂಬಿ ಉಳಿದ ದಿನ 1 ಟನ್ ಕೊಟ್ಟರೆ ವಿಮಾನ ನಿಲ್ಲುವುದಿಲ್ಲ. ದಿನಾ 4 ಟನ್ ಬಂದರೆ ಯೋಚಿಸುತ್ತಾರೆ. ವಿಮಾನ ಕಂಪನಿಗೆ ಸುಗ್ಗಿಯ ರಾಶಿಗಿಂತ ವರ್ಷವಿಡೀ ಬರುವ ಮಾಲು ಮುಖ್ಯ.

ಅಡಿಕೆಯನ್ನು ಈ ಲೆಕ್ಕದಿಂದ ತೆಗೆದುಬಿಡಿ. ಹತ್ತು ಚಕ್ರದ ಲಾರಿ ಒಂದಕ್ಕೇ 18 ಟನ್ ಹೋಗುತ್ತದೆ, ವಾರ ತಡವಾದರೂ ರಾಶಿ ರಾಶಿಯೇ, ಬೆಟ್ಟೆ ಬೆಟ್ಟೆಯೇ (ಎರಡೂ ಅಡಿಕೆಯ ದರ್ಜೆಗಳು). ಹಾಳಾಗದ ಮಾಲಿಗೆ ವಿಮಾನದ ಬಾಡಿಗೆ ಯಾರೂ ಕೊಡುವುದಿಲ್ಲ. ಒಣಮೆಣಸೂ ಹಾಗೆಯೇ. ಹಸಿಶುಂಠಿ, ಅನಾನಸ್ ಕೂಡ ಬಹುತೇಕ ಲಾರಿಯ ಮಾಲು. ಸೊರಬ, ಬನವಾಸಿ ಕಡೆಯ ಅನಾನಸ್ ಪೂರ್ತಿ ಹಣ್ಣಾಗುವ ಮೊದಲೇ ಕೊಯ್ದು ದೆಹಲಿವರೆಗೆ ಲಾರಿಯಲ್ಲೇ ಹೋಗುವುದು.

ಹಸಿರುಪೆಟ್ಟಿಗೆ

ಮೇಲಿನದು ಸರಿ. ಹಾಗೆಂದು ಮಲೆನಾಡಿನಲ್ಲಿ ವಿಮಾನದ ಮಾಲೇ ಇಲ್ಲ ಅಂದುಕೊಳ್ಳಬೇಡಿ. ಕತ್ತರಿಸಿದ ಹೂವು, ಅಣಬೆ, ಅಂಗಾಂಶ ಕೃಷಿಯ ಸಸಿ, ವೆನಿಲಾ, ಔಷಧ, ಲ್ಯಾಬಿಗೆ ಹೋಗುವ ಮಾದರಿಗಳು, ಗಾರ್ಮೆಂಟ್ಸ್ ಸ್ಯಾಂಪಲ್, ತುರ್ತಿನ ಯಂತ್ರಭಾಗ, ಇವೆಲ್ಲ ಹತ್ತುತ್ತವೆ. ತೂಕ ಕಡಿಮೆ, ಬೆಲೆ ಹೆಚ್ಚು, ಸಮಯಕ್ಕೆ ಬೆಲೆ ಇರುವ ಮಾಲು.

ಹೂವು ಕಳಿಸುವವರಿಗೆ ಮೊದಲು ಗೊತ್ತಿರಬೇಕಾದದ್ದು ಗಾತ್ರದ ತೂಕ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 6,000ದಿಂದ ಭಾಗಿಸುತ್ತಾರೆ. ನಿಜವಾದ ತೂಕ, ಈ ತೂಕ, ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಆಂಥೂರಿಯಂನ 120 × 40 × 30 ಸೆಂ.ಮೀ. ಪೆಟ್ಟಿಗೆ ತಕ್ಕಡಿಯಲ್ಲಿ 9 ಕೆ.ಜಿ. ತೂಗಬಹುದು, ಬಿಲ್ಲು ಮಾತ್ರ 24 ಕೆ.ಜಿ.ಗೆ. ಎತ್ತರ 30ರಿಂದ 25ಕ್ಕೆ ಇಳಿಸಿದರೆ ಬಿಲ್ಲು 20 ಕೆ.ಜಿ.ಗೆ ಬರುತ್ತದೆ. ತೊಟ್ಟಿನ ಉದ್ದಕ್ಕೆ ತಕ್ಕ ಪೆಟ್ಟಿಗೆಯನ್ನು ಎಲ್ಲ ಬೆಳೆಗಾರರೂ ಒಂದೇ ಅಳತೆಯಲ್ಲಿ ಮಾಡಿಸುವುದು, ಸರ್ಕಾರಕ್ಕೆ ಕೊಡುವ ಯಾವ ಮನವಿಗಿಂತಲೂ ಬೇಗ ದುಡ್ಡು ಉಳಿಸುತ್ತದೆ.

ಇನ್ನು ಕೋಲ್ಡ್ ರೂಮ್. 'ಕೋಲ್ಡ್ ಸ್ಟೋರೇಜ್ ಕೊಡಿ' ಎಂದಷ್ಟೇ ಕೇಳಿದರೆ 4 ಡಿಗ್ರಿಯ ಒಂದು ದೊಡ್ಡ ಕೋಣೆ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಗುಲಾಬಿಗೆ 2ರಿಂದ 4 ಡಿಗ್ರಿ ಸರಿ. ಅಣಬೆಗೆ ಸೊನ್ನೆಯಿಂದ 2 ಡಿಗ್ರಿ ಬೇಕು. ಆಂಥೂರಿಯಂ ಉಷ್ಣವಲಯದ ಹೂವು, 12 ಡಿಗ್ರಿಗಿಂತ ಕೆಳಗೆ ಹೋದರೆ ಚಳಿಗೆ ಸುಟ್ಟು ಕಪ್ಪಾಗುತ್ತದೆ. ಅದನ್ನು 13ರಿಂದ 15ರಲ್ಲಿ ಇಡಬೇಕು. ಹಾಳಾದದ್ದು ಕೋಣೆಯಿಂದ ತೆಗೆದಾಗ ಕಾಣುವುದಿಲ್ಲ, ಕೊಂಡವನ ಅಂಗಡಿಯಲ್ಲಿ ಕಾಣುತ್ತದೆ, ಕ್ಲೇಮ್ ಬರುವುದು ಬೆಳೆಗಾರನ ಮೇಲೆ. ಆದ್ದರಿಂದ ಎರಡು ಸಣ್ಣ ಕೋಣೆ ಕೇಳಿ, ಒಂದು 2–4, ಇನ್ನೊಂದು 13–15. ಮಾಗುವ ಬಾಳೆ, ಹಲಸನ್ನು ಹೂವಿನ ಜೊತೆ ಒಂದೇ ಕೋಣೆಯಲ್ಲಿ ಇಡಬಾರದು. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಹೂವು ಬೇಗ ಮುದುಡುತ್ತದೆ. ಎರಡಕ್ಕೂ ಜನರೇಟರ್ ಸಂಪರ್ಕ ಇರಲಿ. ಮಲೆನಾಡಿನ ಮಳೆಗಾಲದ ಕರೆಂಟು ನಂಬಿ ಕೋಲ್ಡ್ ರೂಮ್ ನಡೆಸಲಾಗದು.

ತೋಟದಲ್ಲೇ ತಂಪು ಮಾಡದ ಹೂವನ್ನು ನಿಲ್ದಾಣದ ಕೋಣೆ ಉಳಿಸುವುದಿಲ್ಲ ಎಂಬುದೂ ನೆನಪಿರಲಿ. ಮುಚ್ಚಿದ ಪೆಟ್ಟಿಗೆಯೊಳಗಿನ ಶಾಖ ಹೊರಬರಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ವಿಮಾನ ಹೊರಟಿರುತ್ತದೆ.

ಶೆಡ್‌ಮೊದಲು

ವಾಪಸ್ ಲೋಡ್ ಇಲ್ಲ, ಮಾಲು ಕಡಿಮೆ ಎಂದು ಲೋಡ್‌ಶೀಟ್ ಹೇಳುವುದನ್ನು ಪೂರ್ತಿ ಒಪ್ಪಲಾರೆ. ಮಾಲು ಇಲ್ಲ ಎಂದು ಶೆಡ್ ಕಟ್ಟುವುದಿಲ್ಲ, ಶೆಡ್ ಇಲ್ಲದ್ದಕ್ಕೆ ಮಾಲು ಬೆಂಗಳೂರಿಗೆ ಲಾರಿ ಹತ್ತುತ್ತದೆ, ಆಮೇಲೆ 'ನೋಡಿ, ಮಾಲೇ ಇಲ್ಲ' ಅನ್ನುತ್ತಾರೆ. ಈ ಸುತ್ತನ್ನು ಯಾರಾದರೂ ಒಂದು ಕಡೆ ಮುರಿಯಬೇಕು. ಬೆಂಗಳೂರು ನಿಲ್ದಾಣ 2024-25ರಲ್ಲಿ 5 ಲಕ್ಷ ಟನ್ ಸರಕು ದಾಟಿಸಿತು. ಅದರಲ್ಲಿ ಮಲೆನಾಡಿನ ಮಾಲೂ ಬೆಂಗಳೂರಿನ ಹೆಸರಿನಲ್ಲೇ ಲೆಕ್ಕಕ್ಕೆ ಬೀಳುತ್ತದೆ.

ಆದರೆ ಸುತ್ತು ಮುರಿಯಲು ದೊಡ್ಡ ಟರ್ಮಿನಲ್ ಬೇಡ. ಯಂತ್ರಗಳಿಲ್ಲದ ಸಾಮಾನ್ಯ ಕಾರ್ಗೋ ಶೆಡ್ಡಿಗೆ ಚದರ ಮೀಟರಿಗೆ ವರ್ಷಕ್ಕೆ 5 ಟನ್ ಎಂಬ ಅಂದಾಜು ಲೆಕ್ಕ ಇದೆ. 1,000 ಚದರ ಮೀಟರ್ ಶೆಡ್ ಅಂದರೆ ವರ್ಷಕ್ಕೆ 5,000 ಟನ್, ದಿನಕ್ಕೆ 13 ಟನ್ ಮೇಲೆ. ಅದರ ಹಿಂದೆ ಲಾರಿ ತಿರುಗಲು 2,000 ಚದರ ಮೀಟರ್, ಮುಂದೆ 737 ಗಾತ್ರದ ಎರಡು ವಿಮಾನ ನಿಲ್ಲಲು, ಓಡಾಡಲು ಒಂದು ಹೆಕ್ಟೇರ್. ಎಲ್ಲ ಸೇರಿ 5 ಎಕರೆ ದಾಟುವುದಿಲ್ಲ. ಬೇಲಿಯೊಳಗೆ ಆರು ನೂರಕ್ಕೂ ಹೆಚ್ಚು ಎಕರೆ ಇರುವ ನಿಲ್ದಾಣ ಇದು. ಮೊದಲ ಹಂತಕ್ಕೆ ಹೊರಗಿನ ಒಂದು ಗುಂಟೆಯನ್ನೂ ಕೇಳುವ ಕಾರಣ ಕಾಣುವುದಿಲ್ಲ.

ಶೆಡ್ಡಿನೊಳಗೆ ಏನಿರಬೇಕು ಎನ್ನುವುದೇ ಮುಖ್ಯ. ವಿಮಾನ ಹತ್ತುವ ಪ್ರತಿ ಪೆಟ್ಟಿಗೆಗೂ ಭದ್ರತಾ ತಪಾಸಣೆ ಆಗಬೇಕು, ಅದನ್ನು ಮಾಡುವವರಿಗೆ ಬಿಸಿಎಎಸ್ (ಕೇಂದ್ರದ ವಿಮಾನಯಾನ ಭದ್ರತಾ ಸಂಸ್ಥೆ) ಅನುಮತಿ ಇರಬೇಕು. ಈ ಅನುಮತಿ ಇಲ್ಲದೆ ಕಟ್ಟಡ ಮುಗಿದರೆ ಅದು ಬರೀ ಗೋದಾಮು. ಎಕ್ಸ್‌ರೇ ಯಂತ್ರದ ಸುರಂಗ 1 ಮೀಟರ್ ಚೌಕದ್ದಾದರೆ ಅದಕ್ಕಿಂತ ದೊಡ್ಡ ಪೆಟ್ಟಿಗೆಯನ್ನು ಬಿಚ್ಚಿ ಹಾಕಬೇಕು. ಫೌಂಡ್ರಿಯವರು ಇದನ್ನು ಗಮನಿಸಿ: ದಪ್ಪ ಎರಕದ ಭಾಗಗಳ ಮೂಲಕ ಎಕ್ಸ್‌ರೇ ಹಾಯುವುದಿಲ್ಲ, ಪರದೆಯಲ್ಲಿ ಕಪ್ಪು ಮುದ್ದೆ ಕಾಣುತ್ತದೆ. ಆಗ ಪೆಟ್ಟಿಗೆ ತೆರೆದು ಕೈಯಿಂದ ನೋಡಬೇಕು, ಸ್ಫೋಟಕದ ಕಣ ಪತ್ತೆ ಯಂತ್ರದಿಂದ ಒರೆಸಿ ನೋಡಬೇಕು. ಮೊಳೆ ಹೊಡೆದು ಮುಚ್ಚಿದ ಮರದ ಪೆಟ್ಟಿಗೆ ಕಳಿಸಿದರೆ ಅವತ್ತಿನ ವಿಮಾನ ತಪ್ಪುವುದು ಖಾತ್ರಿ. ಬೋಲ್ಟ್ ಹಾಕಿ ತೆರೆದು ಮುಚ್ಚುವಂತೆ ಮಾಡಿಸಿ.

737 ಬರುವುದಾದರೆ ಅದರ ಸರಕಿನ ಬಾಗಿಲು ನೆಲದಿಂದ ಸುಮಾರು 2.7 ಮೀಟರ್ ಎತ್ತರದಲ್ಲಿದೆ. ಪ್ಯಾಲೆಟ್ ಎತ್ತುವ ಲೋಡರ್ ಇಲ್ಲದೆ ಮಾಲು ಇಳಿಯುವುದಿಲ್ಲ, ಫೋರ್ಕ್‌ಲಿಫ್ಟ್ ಅದಕ್ಕೆ ಬದಲಿ ಅಲ್ಲ. ಲೋಡರ್ ಒಂದೇ ಇದ್ದು ಕೆಟ್ಟರೆ ವಿಮಾನ ಸಿಕ್ಕಿಬೀಳುತ್ತದೆ. ಎಟಿಆರ್ ಸರಕು ಮಾದರಿಯಿಂದ ಶುರು ಮಾಡುವುದು ಜಾಣತನ ಅನ್ನುವುದು ಇದಕ್ಕೇ.

ಅಗ್ನಿಶಾಮಕ ವ್ಯವಸ್ಥೆಯ ವರ್ಗವೂ ವಿಮಾನದ ಉದ್ದದ ಮೇಲೆ ನಿಂತಿದೆ. ಎಟಿಆರ್ 72ಕ್ಕೆ 5ನೇ ವರ್ಗ ಸಾಕು, ಬಿ ದರ್ಜೆಯ ನೊರೆಯೊಂದಿಗೆ 5,400 ಲೀಟರ್ ನೀರು. 39 ಮೀಟರ್ ದಾಟಿದ 737-800 ಬಂದರೆ 7ನೇ ವರ್ಗ, 12,100 ಲೀಟರ್. ಸರಕು ಮಾತ್ರ ಒಯ್ಯುವ ಈ ಗಾತ್ರದ ವಿಮಾನಕ್ಕೆ ಐಕಾವೊ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಮಾರ್ಗಸೂಚಿಯಲ್ಲಿ ಒಂದು ಮೆಟ್ಟಿಲು ಸಡಿಲಿಕೆ ಇದೆ. ರಾತ್ರಿ ಪಾಳಿಗೆ ಅಗ್ನಿಶಾಮಕ, ಎಟಿಸಿ (ವಿಮಾನ ಸಂಚಾರ ನಿಯಂತ್ರಣ), ಭದ್ರತೆ, ಹವಾಮಾನ, ಎಲ್ಲರೂ ಬೇಕು. ಈ ಖರ್ಚು ಒಂದು ವಿಮಾನಕ್ಕೂ ಅಷ್ಟೇ, ಹತ್ತಕ್ಕೂ ಅಷ್ಟೇ.

ಶೆಡ್ ಮುಗಿಯುವವರೆಗೂ ಸುಮ್ಮನೆ ಕೂರಬೇಕಿಲ್ಲ. ಶಿವಮೊಗ್ಗದಲ್ಲೇ ಬುಕಿಂಗ್ ತೆಗೆದುಕೊಂಡು, ತಂಪು ಲಾರಿಯಲ್ಲಿ ತರೀಕೆರೆ, ಕಡೂರು, ಅರಸೀಕೆರೆ, ತುಮಕೂರು ಮಾರ್ಗವಾಗಿ ರಾತ್ರೋರಾತ್ರಿ ಬೆಂಗಳೂರು ನಿಲ್ದಾಣಕ್ಕೆ ಮುಟ್ಟಿಸುವ ವ್ಯವಸ್ಥೆ ಮಾಡಿಕೊಳ್ಳಬಹುದು. ಸುಮಾರು 300 ಕಿ.ಮೀ. ಇದು ವರ್ಷ ನಡೆದರೆ ಯಾವ ದಿನ ಎಷ್ಟು ಕೆ.ಜಿ., ಯಾವ ಊರಿಗೆ ಎಂಬ ನಿಜವಾದ ಪಟ್ಟಿ ಕೈಯಲ್ಲಿರುತ್ತದೆ. ವಿಮಾನ ಕಂಪನಿ ನಂಬುವುದು ಆ ಪಟ್ಟಿಯನ್ನು. ಮಂಗಳೂರಿನ ಕಡೆ ಹೋಗೋಣ ಅಂದರೆ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಿಡುವುದಿಲ್ಲ, ಮಳೆಗಾಲದಲ್ಲಿ ಬೇರೆ ಘಾಟಿಗಳ ಭರವಸೆಯೂ ಇಲ್ಲ.

ಲೋಡ್‌ಶೀಟ್

ಲಾರಿ ವ್ಯವಸ್ಥೆಯ ಮಾತು ಒಪ್ಪಿದೆ, ಅದೇ ಸರಿಯಾದ ಮೊದಲ ಹೆಜ್ಜೆ. ಒಂದು ಮಾತು ಸೇರಿಸುತ್ತೇನೆ. ಕೊರಿಯರ್ ವಿಮಾನ ನಡುರಾತ್ರಿಯಿಂದ ಬೆಳಗಿನ 6ರೊಳಗೆ ಬರುವುದು. ಚಳಿಗಾಲದಲ್ಲಿ ಮಂಜು ಕವಿಯುವುದೂ ಅದೇ ಹೊತ್ತು, ಜೂನ್‌ನಿಂದ ಸೆಪ್ಟೆಂಬರ್ ಕೆಳಮೋಡ. ಕಣ್ಣಳತೆಯಲ್ಲೇ ಇಳಿಯುವ ನಿಯಮದಡಿ 5 ಕಿ.ಮೀ. ದೂರ ಕಾಣಬೇಕು. ಐಎಲ್‌ಎಸ್ (ರೇಡಿಯೊ ಸಂಕೇತದಿಂದ ಇಳಿಯುವ ದಾರಿ ತೋರುವ ಉಪಕರಣ) ಮೊದಲ ವರ್ಗದ್ದು ಇದ್ದರೆ ರನ್‌ವೇ ಮೇಲೆ 550 ಮೀಟರ್ ಕಂಡರೂ ಇಳಿಯಬಹುದು. ಮಲೆನಾಡಿನಲ್ಲಿ ಕಾರ್ಗೋ ನಿಲ್ಲುವುದೂ ಬೀಳುವುದೂ ಈ ವ್ಯತ್ಯಾಸದ ಮೇಲೆ. ವಾರಕ್ಕೆರಡು ಬಾರಿ ವಿಮಾನ ತಪ್ಪಿದರೆ ಹೂವಿನವರು ಮರಳಿ ಲಾರಿಗೇ ಹೋಗುತ್ತಾರೆ. ಶೆಡ್ಡಿಗಿಂತ ಮೊದಲು ನೋಡಬೇಕಾದದ್ದು ಇಳಿಯುವ ಉಪಕರಣ ಮತ್ತು ದೀಪ.

ಗಡಿಕಲ್ಲು

ಆ ದೀಪದ ವಿಷಯದಲ್ಲೇ ಜಮೀನಿನ ಪ್ರಶ್ನೆ ಅಡಗಿದೆ. ಇಳಿಯಲು ಬರುವ ವಿಮಾನಕ್ಕೆ ದಾರಿ ತೋರುವ, ಮೊದಲ ವರ್ಗದ ಪೂರ್ಣ ಅಪ್ರೋಚ್ ದೀಪಸಾಲು ರನ್‌ವೇ ತುದಿಯಿಂದ ಹೊರಕ್ಕೆ 900 ಮೀಟರ್ ಹೋಗುತ್ತದೆ. ಸರಳ ಸಾಲು 420 ಮೀಟರ್. ಆದ್ದರಿಂದ 'ವಿಸ್ತರಣೆಗೆ ಇಷ್ಟು ಎಕರೆ' ಎಂದು ಕೇಳಿದಾಗ ಎಷ್ಟು ದೀಪಸಾಲಿಗೆ, ಎಷ್ಟು ಕಟ್ಟಡಕ್ಕೆ, ಎಷ್ಟು ಮುಂದಿನ ಕೈಗಾರಿಕೆಗೆ ಎಂದು ಬಿಡಿಸಿ ಕೇಳಲೇಬೇಕು. ದೀಪಕ್ಕೆ ಉದ್ದನೆಯ ಕಿರುಪಟ್ಟಿ ಸಾಕು. ಗೋದಾಮು, ಲಾಜಿಸ್ಟಿಕ್ಸ್ ಪಾರ್ಕ್ ಬೇಲಿಗೆ ಅಂಟಿಕೊಂಡೇ ಇರಬೇಕೆಂದಿಲ್ಲ.

ಜಮೀನು ಕೊಡದಿದ್ದರೂ ತೋಟಕ್ಕೆ ತಾಕುವ ಇನ್ನೊಂದು ವಿಷಯ ಎತ್ತರದ ಮಿತಿ. ರನ್‌ವೇ ತುದಿಯಿಂದ 60 ಮೀಟರ್ ಬಿಟ್ಟು, ಅಲ್ಲಿಂದ ಪ್ರತಿ 50 ಮೀಟರಿಗೆ 1 ಮೀಟರ್ ಏರುವ ಒಂದು ಇಳಿಜಾರು ತಲವನ್ನು ಕಲ್ಪಿಸುತ್ತಾರೆ. ಅದನ್ನು ಏನೂ ಚುಚ್ಚಬಾರದು. ಶುರುವಿನಲ್ಲಿ ಸುಮಾರು 300 ಮೀಟರ್ ಅಗಲ, ಮುಂದೆ ಎರಡೂ ಪಕ್ಕಕ್ಕೆ ಶೇ 15ರಂತೆ ಹರಡುತ್ತದೆ. 15 ಮೀಟರಿನ ಅಡಿಕೆ ಮರ ರನ್‌ವೇ ಮಟ್ಟದ ನೆಲದಲ್ಲಿದ್ದರೆ 810 ಮೀಟರಿಗಿಂತ ಆಚೆ ಇರಬೇಕು. ನೆಲ ರನ್‌ವೇಗಿಂತ 5 ಮೀಟರ್ ತಗ್ಗಿದ್ದರೆ 560 ಮೀಟರ್ ಸಾಕು. ಅಳತೆ ಯಾವಾಗಲೂ ರನ್‌ವೇ ತುದಿಯ ಮಟ್ಟದಿಂದ, ನಿಮ್ಮ ನೆಲದಿಂದಲ್ಲ. ಮರ ಕಡಿಯಲು ಹೇಳಿದರೆ ಸರ್ವೆಯ ಮಟ್ಟದ ಅಂಕಿ ಕೇಳಿ ಪಡೆಯಿರಿ.

ಈಗ ನಿಲ್ದಾಣದಲ್ಲಿ ಏನಿದೆ ಎಂದು ವಾದ ಮಾಡುವುದಕ್ಕಿಂತ ಎಎಐ (ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ) ಪ್ರಕಟಿಸುವ ಎಐಪಿ ಎಂಬ ಮಾಹಿತಿ ಕೈಪಿಡಿ ನೋಡಿ, ಅಂತರ್ಜಾಲದಲ್ಲಿ ಉಚಿತ. ಪ್ರತಿ ನಿಲ್ದಾಣಕ್ಕೂ ಒಂದೇ ಕ್ರಮದ ಸಂಖ್ಯೆಗಳು: 2.3ರಲ್ಲಿ ಕೆಲಸದ ಸಮಯ, 2.4ರಲ್ಲಿ ಸರಕು ಸೌಲಭ್ಯ, 2.6ರಲ್ಲಿ ಅಗ್ನಿಶಾಮಕ ವರ್ಗ, 2.10ರಲ್ಲಿ ಅಡೆತಡೆಗಳು, 2.14ರಲ್ಲಿ ದೀಪ, 2.19ರಲ್ಲಿ ಇಳಿಯುವ ಉಪಕರಣ. ಅಲ್ಲಿಲ್ಲದ್ದನ್ನು ಮಾಹಿತಿ ಹಕ್ಕಿನಲ್ಲಿ ನಿಲ್ದಾಣ ನಡೆಸುವ ರಾಜ್ಯದ ಕೈಗಾರಿಕಾ ನಿಗಮ ಕೆಎಸ್‌ಐಐಡಿಸಿಗೆ ಕೇಳಬಹುದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹತ್ತು ಪ್ರಶ್ನೆ ಒಂದರಲ್ಲೇ ತುಂಬಿದರೆ ವಾಪಸ್ ಬರುತ್ತದೆ, ಬೇರೆ ಬೇರೆ ಅರ್ಜಿ ಹಾಕಿ.

ಸ್ವಾಧೀನ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಮೂಲಕ ಬಂದರೆ 1966ರ ಕಾಯ್ದೆಯ 28ನೇ ಕಲಮಿನ ಮೆಟ್ಟಿಲುಗಳನ್ನು ಗುರುತಿಟ್ಟುಕೊಳ್ಳಿ. 28(1) ಪ್ರಾಥಮಿಕ ಅಧಿಸೂಚನೆ. 28(2) ನೋಟಿಸ್, ಅದು ಕೈಸೇರಿದ 30 ದಿನದೊಳಗೆ ಲಿಖಿತ ಆಕ್ಷೇಪ ಕೊಡಬೇಕು. 28(3) ವಿಚಾರಣೆ. 28(4) ಅಂತಿಮ. ಜನ ಎಚ್ಚೆತ್ತುಕೊಳ್ಳುವುದು 28(4) ಬಂದ ಮೇಲೆ, ಅಷ್ಟರಲ್ಲಿ ಆಕ್ಷೇಪದ ಬಾಗಿಲು ಮುಚ್ಚಿರುತ್ತದೆ. ಪರಿಹಾರಕ್ಕೆ ಒಪ್ಪಂದದ ದರಕ್ಕೆ ಸಹಿ ಹಾಕಿದರೆ ಆಮೇಲೆ ಹೆಚ್ಚಿನ ಪರಿಹಾರ ಕೇಳಿ ನ್ಯಾಯಾಲಯಕ್ಕೆ ಹೋಗುವ ದಾರಿ ಬಹುತೇಕ ಇರುವುದಿಲ್ಲ. ಸಹಿಗೆ ಮೊದಲು ತೋಟದ ಮರ, ಬಾವಿ, ಕೊಳವೆಬಾವಿ, ಪೈಪ್‌ಲೈನ್ ಎಲ್ಲ ಜಂಟಿ ಅಳತೆಯ ಪಟ್ಟಿಯಲ್ಲಿ ಸೇರಿದೆಯೇ ನೋಡಿ.

ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಗಾಯ ಪಹಣಿ ಇಲ್ಲದವರದ್ದು. ಲಿಂಗನಮಕ್ಕಿಯಲ್ಲಿ ಮುಳುಗಡೆಯಾದವರಿಗೆ ಅರವತ್ತು ವರ್ಷವಾದರೂ ಎಷ್ಟೋ ಕಡೆ ಹಕ್ಕುಪತ್ರ ಇಲ್ಲ. ಬಗರ್‌ಹುಕುಂ ಉಳುಮೆದಾರರ ನಮೂನೆ 50, 53, 57ರ ಅರ್ಜಿಗಳು ಬಾಕಿ ಇವೆ. ಪಹಣಿಯಲ್ಲಿ 'ಸರ್ಕಾರಿ' ಎಂದಿರುವ ಜಾಗವನ್ನು ಯಾರೂ ಇಲ್ಲದ ಜಾಗವೆಂದು ಲೆಕ್ಕ ಹಾಕಿದರೆ ಅಲ್ಲಿ ಉಳುವವರಿಗೆ ನೋಟಿಸೂ ಬರುವುದಿಲ್ಲ, ಪರಿಹಾರವೂ ಇಲ್ಲ. ಅರ್ಜಿಯ ಸ್ವೀಕೃತಿ, ದಂಡದ ರಸೀದಿ, ಮನೆ ಕಂದಾಯದ ರಸೀದಿ, ಕರೆಂಟ್ ಬಿಲ್ಲು ಇವೆಲ್ಲವನ್ನೂ ಈಗಲೇ ಒಂದೆಡೆ ಸೇರಿಸಿ, ಪ್ರತಿ ಮಾಡಿಸಿ, ಪಂಚಾಯಿತಿಯಲ್ಲಿ ನಿರ್ಣಯ ಮಾಡಿಸಿ. ಕಾರ್ಗೋ ಬೇಕು ಎನ್ನುವವರೂ ಈ ಕೆಲಸಕ್ಕೆ ಕೈಜೋಡಿಸಬೇಕು.

ಕೆರೆಏರಿ

ಬಹಳ ಉಪಕಾರವಾಯಿತು. ರಾತ್ರಿ ಸದ್ದು ಮತ್ತು ಮಳೆನೀರು ಉಳಿಯಿತು. ಇವೆರಡಕ್ಕೆ ಎಲ್ಲಿ ಕೇಳುವುದು?

ಗಡಿಕಲ್ಲು

2006ರ ಪರಿಸರ ಅಧಿಸೂಚನೆಯಡಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕಾಗಿ ಬಂದರೆ ಅದೇ ಜಾಗ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಸಭೆಯ ವಿಡಿಯೊ ಆಗಬೇಕು, ನಡಾವಳಿಯನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು. ಕೋರಂ ಎಂಬುದಿಲ್ಲ, ನಾಲ್ಕೇ ಜನ ಬಂದರೂ ಸಭೆ ನಡೆದ ಲೆಕ್ಕ. ಬಾಯಿಮಾತಿನ ಜೊತೆ ಲಿಖಿತವಾಗಿಯೂ ಮಾಲಿನ್ಯ ನಿಯಂತ್ರಣ ಮಂಡಳಿಗೆ ಮೊದಲೇ ಕಳಿಸಿ.

ಸದ್ದಿಗೆ 2018ರ ನಿಯಮದಲ್ಲಿ, ದಟ್ಟಣೆ ಕಡಿಮೆ ಇರುವ ನಿಲ್ದಾಣಗಳ ವಲಯಕ್ಕೆ ಹಗಲು 65, ರಾತ್ರಿ 10ರಿಂದ 6ರವರೆಗೆ 60 ಡೆಸಿಬಲ್ ಮಿತಿ ಇದೆ. ಆದರೆ ಅದು ಇಡೀ ರಾತ್ರಿಯ ಸರಾಸರಿ. ಎರಡೇ ವಿಮಾನ ಬಂದರೆ ಸರಾಸರಿ ಮಿತಿಯೊಳಗೇ ಇರುತ್ತದೆ, ನಿದ್ದೆ ಕೆಡುವುದು ಆ ಎರಡು ಸಲ. ಅದಕ್ಕೆ ಒಂದೊಂದು ಹಾರಾಟದ ಗರಿಷ್ಠ ಸದ್ದಿನ ಅಂದಾಜು ಕೊಡಿ, ವಿಮಾನದ ಮಾದರಿ ಹೆಸರಿಸಿ ಕೊಡಿ ಎಂದು ಕೇಳಿ. ಹಳೆಯ 737-400ಕ್ಕೂ ಎಟಿಆರ್‌ಗೂ ಬಹಳ ಅಂತರ.

ನೀರಿನ ಲೆಕ್ಕ ಸುಲಭ. 2 ಹೆಕ್ಟೇರ್ ಕಾಂಕ್ರೀಟಿನ ಮೇಲೆ ಗಂಟೆಗೆ 50 ಮಿ.ಮೀ. ಮಳೆ ಬಿದ್ದರೆ 10 ಲಕ್ಷ ಲೀಟರ್, ಸೆಕೆಂಡಿಗೆ ಸುಮಾರು 280 ಲೀಟರ್. 600 ಮಿ.ಮೀ. ಪೈಪು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ತುಂಬಿ ಹರಿದರೆ ಅಷ್ಟೇ ಹಿಡಿಯುವುದು. ಆ ಒಂದು ಗಂಟೆಯ ನೀರನ್ನು ತಡೆದು ನಿಧಾನ ಬಿಡಲು 25 × 20 ಮೀಟರ್, 2 ಮೀಟರ್ ಆಳದ ಹೊಂಡ ಬೇಕು, ಅದಕ್ಕೆ ಮೊದಲು ಎಣ್ಣೆ ಬೇರ್ಪಡಿಸುವ ತೊಟ್ಟಿ. ಇದು ನಕ್ಷೆಯಲ್ಲಿ ಅಳತೆ ಸಮೇತ ಕಾಣಬೇಕು. ಹೊಂಡದಲ್ಲಿ ವರ್ಷವಿಡೀ ನೀರು ನಿಲ್ಲದಂತೆಯೂ ನೋಡಿ, ನಿಂತರೆ ಬೆಳ್ಳಕ್ಕಿ ಸೇರುತ್ತವೆ, ವಿಮಾನಕ್ಕೆ ಅಪಾಯ. ನಿಮ್ಮ ಕಡೆಯಿಂದ ಆಗಬೇಕಾದ ಕೆಲಸ: ಕೆಳಗಿನ ಕೆರೆಯ ಕೋಡಿ, ತೂಬು, ರಸ್ತೆಯಡಿಯ ಮೋರಿಗಳ ಅಗಲ ಎತ್ತರವನ್ನು ಮಳೆ ಹಿಡಿಯುವ ಮುಂಚೆ ಟೇಪು ಹಿಡಿದು ಅಳೆದು, ಫೋಟೊ ತೆಗೆದು, ದಿನಾಂಕ ಹಾಕಿ ಪಂಚಾಯಿತಿಯಲ್ಲಿ ದಾಖಲು ಮಾಡಿಸಿ.